ಸಡಿಲ ಬಿಟ್ಟ ದಾರ: ಮನೆಯಲ್ಲೇ ಟೈ ಹೊಲಿಯುವುದು



ಹತ್ತಿರದಲ್ಲಿ ಕರವಸ್ತ್ರ ಇದ್ದರೆ ಕೈಗೆ ತೆಗೆದುಕೊಳ್ಳಿ. ಹತ್ತಿಯದಾದರೆ ಒಳ್ಳೆಯದು. ಅದರ ಒಂದು ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ಬಟ್ಟೆ ಜಗ್ಗುವುದಿಲ್ಲ, ಅಲ್ಲವೇ? ಈಗ ಎದುರುಬದುರಿನ ಎರಡು ಮೂಲೆಗಳನ್ನು ಹಿಡಿದು ಎಳೆಯಿರಿ. ಬಟ್ಟೆ ಉದ್ದವಾಯಿತು, ನಡುವೆ ಸಣ್ಣಗಾಯಿತು. ಬಿಟ್ಟರೆ ಮೊದಲಿನ ಆಕಾರಕ್ಕೆ ಬಂತು. ಹೆಚ್ಚುಕಡಿಮೆ ಬಂತು ಎನ್ನೋಣ. ಟೈ ಹೊಲಿಯುವ ವಿದ್ಯೆಯಲ್ಲಿ ಅರ್ಧ ಇಷ್ಟೇ. ಉಳಿದರ್ಧ ಒಂದು ಸೂಜಿ, ಒಂದು ದಾರದ ಮಾತು.

ನಮ್ಮ ಬಿಸಿಲಿಗೆ ಟೈ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕೇಳಲಿ. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯವರು ಟೈ ಕಟ್ಟಿಕೊಳ್ಳಲಿ ಎಂದು ನಾನೂ ಹೇಳುವುದಿಲ್ಲ. ಆದರೆ ಆರತಕ್ಷತೆಯ ವೇದಿಕೆಯಲ್ಲಿ ನಿಲ್ಲುವ ಮದುಮಗನಿಗೆ ಟೈ ಬೇಕು. ಕೆಲಸದ ಸಂದರ್ಶನಕ್ಕೆ ಹೊರಟ ಹುಡುಗನಿಗೆ ಬೇಕು. ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನಪಿಸಿಕೊಳ್ಳಿ. ತಲೆಯ ಮೇಲೆ ಮೈಸೂರು ಪೇಟ, ಮೈಮೇಲೆ ಕೋಟು, ಕೊರಳಲ್ಲಿ ಟೈ. ಟೈ ನಮಗೆ ಹೊಸದೇನಲ್ಲ.

ಹೊಸದಾಗಿರುವುದು ಅದನ್ನು ಹೊಲಿಯುವುದು. ನಮ್ಮ ಎಷ್ಟೋ ಮನೆಗಳಲ್ಲಿ ಹೊಲಿಗೆ ಯಂತ್ರವಿದೆ. ರವಿಕೆ ಹೊಲಿಯುತ್ತಾರೆ, ಸೀರೆಗೆ ಫಾಲ್ ಹಚ್ಚುತ್ತಾರೆ, ಕುಚ್ಚು ಕಟ್ಟುತ್ತಾರೆ. ಟೈ ಮಾತ್ರ ಅಂಗಡಿಯಿಂದಲೇ ಬರುತ್ತದೆ. ರವಿಕೆ ಹೊಲಿಯಬಲ್ಲ ಕೈಗೆ ಟೈ ಕಷ್ಟವಲ್ಲ. ಆದರೆ ಒಂದು ಅಭ್ಯಾಸ ಬಿಡಬೇಕಾಗುತ್ತದೆ. ಬಿಗಿಯಾಗಿ ಹೊಲಿಯುವ ಅಭ್ಯಾಸ.

ರವಿಕೆಯ ಹೊಲಿಗೆ ಬಿಗಿ ಇಲ್ಲದಿದ್ದರೆ ಬಿಚ್ಚಿಹೋಗುತ್ತದೆ. ಟೈಯ ಹೊಲಿಗೆ ಬಿಗಿಯಾದರೆ ಟೈ ಕೆಡುತ್ತದೆ. ಯಾಕೆಂದರೆ ಇಷ್ಟು ಎಳೆದಾಟಕ್ಕೆ ಸಿಕ್ಕುವ ಉಡುಪು ಇನ್ನೊಂದಿಲ್ಲ. ಬೆಳಿಗ್ಗೆ ಸುತ್ತಿ, ತೂರಿಸಿ, ಗಂಟು ಹಾಕಿ ಬಿಗಿಯುತ್ತೇವೆ. ಮಧ್ಯಾಹ್ನ ಸಡಿಲಿಸುತ್ತೇವೆ. ಸಂಜೆ ಎಳೆದು ಬಿಚ್ಚುತ್ತೇವೆ. ಮರುದಿನ ಅದು ಮತ್ತೆ ನೆಟ್ಟಗೆ ಇರಬೇಕು. ಅಷ್ಟು ಎಳೆತ ತಾಳಬೇಕಾದರೆ ಟೈ ಜಗ್ಗಬೇಕು, ಜಗ್ಗಿ ಹಿಂದಕ್ಕೆ ಬರಬೇಕು.

ಇದು ಜನಕ್ಕೆ ಒಮ್ಮೆಲೇ ಹೊಳೆದದ್ದಲ್ಲ. ಕೊರಳಿಗೆ ವಸ್ತ್ರ ಕಟ್ಟುವ ಷೋಕಿ ಯೂರೋಪಿಗೆ ಬಂದದ್ದು 17ನೆಯ ಶತಮಾನದಲ್ಲಿ. ಫ್ರಾನ್ಸಿನ ಪರವಾಗಿ ಕಾದಾಡಲು ಬಂದ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ವಸ್ತ್ರ ಕಟ್ಟುತ್ತಿದ್ದರು. ಅದನ್ನು ನೋಡಿ ಫ್ರೆಂಚರು ಕಟ್ಟಿಕೊಂಡರು. ನಾವು ಇವತ್ತು ಕಾಣುವ ಉದ್ದನೆಯ ಟೈ ಬಂದದ್ದು 19ನೆಯ ಶತಮಾನದಲ್ಲಿ, ಇಂಗ್ಲೆಂಡಿನಲ್ಲಿ. ಆಗಿನ ಟೈಗಳನ್ನು ಹೆಚ್ಚಾಗಿ ಬಟ್ಟೆಯ ನೇರಕ್ಕೆ ಕತ್ತರಿಸುತ್ತಿದ್ದರು. ಅವು ಗಂಟಿನಲ್ಲಿ ಸುಕ್ಕುಗಟ್ಟುತ್ತಿದ್ದವು, ಎದೆಯ ಮೇಲೆ ತಿರುಚಿಕೊಳ್ಳುತ್ತಿದ್ದವು. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬ ಟೈ ತಯಾರಕ ಇದಕ್ಕೊಂದು ದಾರಿ ಕಂಡುಕೊಂಡ. ಬಟ್ಟೆಯನ್ನು ಓರೆಯಾಗಿ, ಮೂರು ತುಂಡಾಗಿ ಕತ್ತರಿಸಿ ಜೋಡಿಸಿದ. ಅದಕ್ಕೆ ಪೇಟೆಂಟನ್ನೂ ಪಡೆದ. ಇವತ್ತಿಗೂ ಒಳ್ಳೆಯ ಟೈ ಹೊಲಿಯುವುದು ಹೀಗೆಯೇ. ನೀವು ಈಗ ಕರವಸ್ತ್ರದ ಮೂಲೆ ಎಳೆದು ನೋಡಿದಿರಲ್ಲ, ಅದೇ ಓರೆ. ನಮ್ಮ ದರ್ಜಿಗಳ ಮಾತಿನಲ್ಲಿ ಕ್ರಾಸ್.

ಹಾಗಾದರೆ ಇಲ್ಲಿಗೆ ಒಂದು ವಿಷಯ ಗೊತ್ತಾಯಿತು. ಟೈ ಜಗ್ಗಬೇಕು, ಅದಕ್ಕಾಗಿ ಬಟ್ಟೆಯನ್ನು ಕ್ರಾಸ್ ಆಗಿ ಕತ್ತರಿಸಬೇಕು. ಇನ್ನು ಟೈಯ ಒಳಗೆ ಏನಿದೆ ಎಂದು ನೋಡೋಣ.

ಮನೆಯಲ್ಲಿ ಹಳೆಯ ಟೈ ಇದ್ದರೆ ಬಿಚ್ಚಿ ನೋಡಿ. ಅದಕ್ಕಿಂತ ಒಳ್ಳೆಯ ಗುರು ಸಿಗುವುದಿಲ್ಲ. ಶಾಲೆಯ ಮಕ್ಕಳ ಟೈ ಬೇಡ. ಅದರ ಗಂಟು ಮೊದಲೇ ಕೂಡಿಸಿದ್ದು, ಜಗ್ಗುವ ಕೆಲಸವನ್ನು ಎಲಾಸ್ಟಿಕ್ ಮಾಡುತ್ತದೆ. ದೊಡ್ಡವರು ಕಟ್ಟುವ ಟೈಯನ್ನೇ ತೆಗೆದುಕೊಳ್ಳಿ. ಮಗುಚಿ ಹಾಕಿದರೆ ಹಿಂಬದಿಯಲ್ಲಿ ನಡುವೆ ಉದ್ದಕ್ಕೂ ಒಂದು ಸೇರುವೆ ಕಾಣುತ್ತದೆ. ಆ ಸೇರುವೆಯನ್ನು ಹಿಡಿದಿರುವುದು ಒಂದೇ ದಾರ. ಎರಡು ತುದಿಯಲ್ಲೂ ಅಡ್ಡಡ್ಡವಾಗಿ ನಾಲ್ಕೈದು ಸುತ್ತು ಹಾಕಿದ ಗಟ್ಟಿ ಹೊಲಿಗೆ ಇರುತ್ತದೆ. ಅದನ್ನು ಕತ್ತರಿಸಿ ದಾರ ಎಳೆಯಿರಿ. ಕೈಹೊಲಿಗೆಯ ಟೈ ಆದರೆ ದಾರ ಸರಸರನೆ ಬಂದುಬಿಡುತ್ತದೆ.

ಬಿಚ್ಚಿದ ಮೇಲೆ ಏನು ಸಿಗುತ್ತದೆ? ಹೊರಗಿನ ಬಟ್ಟೆಯ ಒಂದು ಉದ್ದನೆಯ ಪಟ್ಟಿ. ಅದರ ಎರಡೂ ತುದಿಗೆ ಒಳಗಿನಿಂದ ಹಚ್ಚಿದ ತೆಳು ಲೈನಿಂಗ್. ಇವೆರಡರ ಮಧ್ಯೆ ಕಂಬಳಿಯ ಹಾಗೆ ಒರಟಾದ, ಮೆತ್ತನೆಯ ಇನ್ನೊಂದು ಪಟ್ಟಿ. ಇದು ಒಳಪಟ್ಟಿ. ಟೈಯ ಜೀವ ಇರುವುದು ಇದರಲ್ಲಿ. ಇಷ್ಟೇ ಸಾಮಾನು. ಗುಂಡಿ ಇಲ್ಲ, ಕಾಜಾ ಇಲ್ಲ, ತೋಳು ಕೂಡಿಸುವ ಗೋಳಿಲ್ಲ.

ಒಳಗೇನಿದೆ ಎಂದು ತಿಳಿಯಿತು. ಇನ್ನು ಬಟ್ಟೆಯ ಮಾತು. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಬಟ್ಟೆಯ ವಿಚಾರದಲ್ಲಿ ನಾವು ಭಾಗ್ಯವಂತರು.

ಟೈಗೆ ರೇಷ್ಮೆಯೇ ರಾಜ. ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆ ಎಲ್ಲಕ್ಕಿಂತ ಹೆಚ್ಚು ಬೆಳೆಯುವುದು ನಮ್ಮ ಕರ್ನಾಟಕ. ರಾಮನಗರದಲ್ಲಿ, ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆಗಳಿವೆ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಗೆ ನೂರು ವರ್ಷ ದಾಟಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಆದರೂ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಮೈಸೂರು ರೇಷ್ಮೆ ಸೀರೆಯ ಬಟ್ಟೆ ಟೈಗೆ ಅಷ್ಟಾಗಿ ಹೊಂದುವುದಿಲ್ಲ. ಅದು ಕ್ರೇಪ್. ಹೊಸೆದ ನೂಲಿನ ಬಟ್ಟೆ. ತೆಳು, ಜಾರು. ಸೀರೆಯಾಗಿ ಮೈಮೇಲೆ ನೀರಿನಂತೆ ಇಳಿಯುವ ಗುಣವೇ ಟೈಯಲ್ಲಿ ದೋಷವಾಗುತ್ತದೆ. ಗಂಟು ನಿಲ್ಲುವುದಿಲ್ಲ. ಕತ್ತರಿಸುವಾಗ ಮೇಜಿನ ಮೇಲೆ ಓಡಾಡುತ್ತದೆ. ಕೈ ಪಳಗಿದ ಮೇಲೆ ಬೇಕಾದರೆ ದಪ್ಪ ಒಳಪಟ್ಟಿ ಕೊಟ್ಟು ಹೊಲಿಯಬಹುದು. ಶುರುವಿಗೆ ಬೇಡ.

ಅಜ್ಜಿಯ ರೇಷ್ಮೆ ಸೀರೆ ಕತ್ತರಿಸಿ ಮೊಮ್ಮಗನಿಗೆ ಟೈ ಮಾಡುವ ಆಸೆ ಕೆಲವರಿಗಿರುತ್ತದೆ. ಒಳ್ಳೆಯ ಆಸೆಯೇ. ಆದರೆ ಮೊದಲು ಸೀರೆಯನ್ನು ಮಡಿಕೆಯ ಗೆರೆಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಅಲ್ಲಿಯೇ ಸೀಳುತ್ತದೆ. ಸೀಳಿದರೆ ಆ ಭಾಗ ಬಿಡಿ. ಜರಿಯ ಅಂಚನ್ನು ಗಂಟು ಬರುವ ಜಾಗಕ್ಕೆ ತರಬೇಡಿ. ಜರಿ ಲೋಹ, ಅದು ಜಗ್ಗುವುದಿಲ್ಲ. ಒಡಲಿನ ಬಟ್ಟೆಯೇ ಸಾಕು.

ನನ್ನ ಮಟ್ಟಿಗೆ ನಮ್ಮ ನಾಡಿನಲ್ಲಿ ಟೈಗೆ ಹೇಳಿ ಮಾಡಿಸಿದ ಬಟ್ಟೆ ಗುಳೇದಗುಡ್ಡದ ಖಣ. ಉತ್ತರ ಕರ್ನಾಟಕದ ಕೇಳುಗರಿಗೆ ಖಣವನ್ನು ನಾನು ಪರಿಚಯಿಸಬೇಕಾಗಿಲ್ಲ. ಕುಪ್ಪಸಕ್ಕೆಂದೇ ನೇಯ್ದದ್ದು. ಬಟ್ಟೆಗೆ ಮೈ ಇದೆ, ಗಂಟು ಹಾಕಿದರೆ ತುಂಬಿ ನಿಲ್ಲುತ್ತದೆ. ಬುಟ್ಟಾಗಳು ಸಣ್ಣವು. ಮೂರಿಂಚು ಅಗಲದ ಟೈ ಮೇಲೆ ಸಣ್ಣ ಬುಟ್ಟಾ ಕಂಡಷ್ಟು ಚೆಂದ ದೊಡ್ಡ ಹೂವು ಕಾಣುವುದಿಲ್ಲ. ಎರಡು ತೊಡಕು ಇವೆ. ಖಣದ ಅಗಲ ಕಡಿಮೆ, ಆದ್ದರಿಂದ ತುಂಡುಗಳನ್ನು ಲೆಕ್ಕ ಹಾಕಿ ಇಡಬೇಕು. ಎರಡನೆಯದು, ಕ್ರಾಸ್ ಆಗಿ ಕತ್ತರಿಸಿದಾಗ ಬುಟ್ಟಾ ಎಲ್ಲವೂ ಓರೆಯಾಗುತ್ತವೆ. ಖಣದಲ್ಲಿ ತೇರಿನ ಬುಟ್ಟಾ ಇರುತ್ತದಲ್ಲ, ಅದು ಟೈ ಮೇಲೆ ವಾಲಿಕೊಂಡ ತೇರಾಗುತ್ತದೆ. ದೇವರಿಗೆ ಬೇಜಾರಾಗುತ್ತದೋ ಇಲ್ಲವೋ, ನೋಡುವವರಿಗೆ ಇರುಸುಮುರುಸು. ಮೇಲೆ ಕೆಳಗೆ ಎಂಬ ಭೇದವಿಲ್ಲದ ಬುಟ್ಟಾ ಆರಿಸಿಕೊಳ್ಳಿ. ಪಟ್ಟೆಪಟ್ಟೆಯ ಬಟ್ಟೆಯಾದರೆ ಈ ಓರೆಯೇ ಲಾಭ. ನೇರ ಪಟ್ಟೆ ತಾನಾಗಿ ಓರೆ ಪಟ್ಟೆಯಾಗುತ್ತದೆ.

ಬಟ್ಟೆಯ ಮಾತು ಸಾಕು. ರೇಷ್ಮೆಯಾದರೆ ಸ್ವಲ್ಪ ದಪ್ಪನೆಯದು, ಇಲ್ಲವೇ ಖಣ. ಶುರುವಿಗೆ ಹತ್ತಿಯಾದರೂ ಆದೀತು. ಈಗ ಕತ್ತರಿ ಹಿಡಿಯೋಣ.

ಟೈಯ ಉದ್ದ ಸುಮಾರು 58 ಇಂಚು. ಒಂದೂವರೆ ಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಮುಂದಿನ ಅಗಲ ತುದಿ ಮೂರು, ಮೂರೂಕಾಲು ಇಂಚು. ಕುತ್ತಿಗೆಯ ಹತ್ತಿರ ಒಂದೂಕಾಲು ಇಂಚು. ಹಿಂದಿನ ಸಣ್ಣ ತುದಿ ಒಂದೂವರೆ ಇಂಚು. ಇವು ಹೊಲಿದು ಮುಗಿಸಿದ ಮೇಲಿನ ಅಳತೆ. ಕತ್ತರಿಸುವಾಗ ಇದರ ಎರಡು ಪಟ್ಟು ಅಗಲ, ಮಡಿಕೆಗೆ ಮೇಲೊಂದು ಇಂಚು ಬೇಕು. ಬಿಚ್ಚಿದ ಹಳೆಯ ಟೈಯನ್ನು ಇಸ್ತ್ರಿ ಮಾಡಿ ಕಾಗದದ ಮೇಲೆ ಹರಡಿ ಗೆರೆ ಎಳೆದರೆ ಈ ಲೆಕ್ಕವೇ ಬೇಡ. ಮಾದರಿ ಸಿದ್ಧ.

ಬಟ್ಟೆಯ ಮೇಲೆ ಓರೆಯನ್ನು ಕಂಡುಕೊಳ್ಳುವುದು ಹೇಗೆ? ಬಟ್ಟೆಯ ಒಂದು ಮೂಲೆ ಹಿಡಿದು, ಅಡ್ಡ ಅಂಚು ಉದ್ದ ಅಂಚಿನ ಮೇಲೆ ಕೂರುವ ಹಾಗೆ ತ್ರಿಕೋನ ಮಡಿಸಿ. ಆ ಮಡಿಕೆಯ ಗೆರೆಯೇ ಸರಿಯಾದ ಓರೆ. ಹಾಸಿಗೂ ಹೊಕ್ಕಿಗೂ ಅದು ಸಮ ದೂರ. ಮಾದರಿಯ ನಡುಗೆರೆ ಈ ಮಡಿಕೆಯ ಗೆರೆಗೆ ಸರಿಯಾಗಿ ಕೂರಬೇಕು. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಸ್ವಲ್ಪ ತಪ್ಪಿದರೂ ಟೈ ಎದೆಯ ಮೇಲೆ ತಿರುಗುತ್ತದೆ. ಮೂರು ತುಂಡು ಮಾಡಿದರೆ ಮೂರರ ನೇಯ್ಗೆಯೂ ಒಂದೇ ಕಡೆಗೆ ವಾಲಿರಬೇಕು. ಅಗಲ ಪನ್ನದ ಒಂದು ಮೀಟರ್ ಬಟ್ಟೆಯಲ್ಲಿ ಜಾಣತನದಿಂದ ಇಟ್ಟರೆ ಎರಡು ಟೈ ಬರುತ್ತವೆ.

ಇಲ್ಲೊಂದು ಸೊಗಸಾದ ಸಂಗತಿ ಇದೆ. ಟೈಯ ತುದಿ ಚೂಪಾಗಿರುತ್ತದಲ್ಲ, ಆ ಚೂಪು ಸರಿಯಾಗಿ ಪುಸ್ತಕದ ಮೂಲೆಯಷ್ಟು, ಅಂದರೆ ಲಂಬಕೋನ. ಟೈಯ ಮೈ ಓರೆಯಲ್ಲಿ ಹೋಗುತ್ತಿರುವುದರಿಂದ ತುದಿಯ ಎರಡು ಅಂಚುಗಳು ಮತ್ತೆ ನೇರಕ್ಕೆ ಬರುತ್ತವೆ. ಒಂದು ಹಾಸಿನ ನೇರ, ಇನ್ನೊಂದು ಹೊಕ್ಕಿನ ನೇರ. ಹಾಗಾಗಿ ಮೈ ಜಗ್ಗಿದರೂ ತುದಿ ಜಗ್ಗುವುದಿಲ್ಲ. ಅಂಗಡಿಯಲ್ಲಿ ಟೈ ಕೊಳ್ಳುವಾಗಲೂ ಇದನ್ನು ಪರೀಕ್ಷಿಸಬಹುದು. ತುದಿಯ ಅಂಚಿಗೆ ನೂಲಿನ ಎಳೆ ಸಮಾನಾಂತರವಾಗಿ ಓಡುತ್ತಿದ್ದರೆ ಕತ್ತರಿಸಿದವನು ಕೆಲಸ ಬಲ್ಲವನು.

ಕತ್ತರಿಸಿದ್ದಾಯಿತು. ಓರೆ ತಪ್ಪಬಾರದು, ತುಂಡುಗಳು ಒಂದೇ ಕಡೆ ವಾಲಬೇಕು. ಇದಿಷ್ಟು ನೆನಪಿರಲಿ. ಮುಂದೆ ಒಳಪಟ್ಟಿ.

ಇಲ್ಲಿ ನಮ್ಮ ಕಡೆ ಎಲ್ಲರೂ ಬಕ್ರಂ ಕಡೆಗೆ ಕೈ ಚಾಚುತ್ತಾರೆ. ಕಾಲರಿಗೆ ಬಕ್ರಂ, ಪಟ್ಟಿಗೆ ಬಕ್ರಂ, ಹಾಗೆಯೇ ಟೈಗೂ ಬಕ್ರಂ. ದಯವಿಟ್ಟು ಬೇಡ. ಇಸ್ತ್ರಿಯಲ್ಲಿ ಅಂಟುವ ಕ್ಯಾನ್ವಾಸಂತೂ ಬೇಡವೇ ಬೇಡ. ಓರೆ ಕತ್ತರಿಸಿ ಬಟ್ಟೆಗೆ ಜಗ್ಗುವ ಗುಣ ತಂದುಕೊಟ್ಟಿರಿ. ಅದರ ಬೆನ್ನಿಗೆ ಜಗ್ಗದ ವಸ್ತುವನ್ನು ಅಂಟಿಸಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಒಳಪಟ್ಟಿ ಉಣ್ಣೆಯದಾಗಿರಬೇಕು, ಇಲ್ಲವೇ ಉಣ್ಣೆ ಬೆರೆತದ್ದು. ಉಣ್ಣೆ ಮುದುಡಿದರೂ ರಾತ್ರಿ ಕಳೆಯುವುದರೊಳಗೆ ನೆಟ್ಟಗಾಗುತ್ತದೆ. ಹಳೆಯ ಟೈಯ ಒಳಪಟ್ಟಿ ಚೆನ್ನಾಗಿದ್ದರೆ ಅದನ್ನೇ ಬಳಸಿ. ಸಿಗದಿದ್ದರೆ ಫ್ಲಾನಲ್ ಬಟ್ಟೆ ನಡೆಯುತ್ತದೆ. ಅದನ್ನೂ ಓರೆಯಾಗಿಯೇ ಕತ್ತರಿಸಬೇಕು. ಹೊರಬಟ್ಟೆ ತೆಳುವಾದರೆ ಒಳಪಟ್ಟಿ ದಪ್ಪ, ಹೊರಬಟ್ಟೆ ದಪ್ಪವಾದರೆ ಒಳಪಟ್ಟಿ ತೆಳು. ಖಣಕ್ಕೆ ತೆಳುವೇ ಸರಿ.

ಯಂತ್ರದ ಕೆಲಸ ಸ್ವಲ್ಪವೇ. ತುಂಡುಗಳನ್ನು ಓರೆ ಸೇರುವೆಯಲ್ಲಿ ಜೋಡಿಸುವುದು. ಈ ಸೇರುವೆ ಕುತ್ತಿಗೆಯ ಭಾಗದಲ್ಲಿ ಬಂದು ಕಾಲರಿನ ಅಡಿಯಲ್ಲಿ ಅಡಗುತ್ತದೆ. ಆಮೇಲೆ ಎರಡೂ ತುದಿಗೆ ಲೈನಿಂಗ್ ಹಚ್ಚಿ ಮೂಲೆ ತಿರುಗಿಸುವುದು. ರವಿಕೆಯ ತೋಳು ಕೂಡಿಸುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಇಲ್ಲಿಗೆ ಯಂತ್ರಕ್ಕೆ ಮುಸುಕು ಹಾಕಿ.

ಇಲ್ಲಿಯವರೆಗಿನದು ಸಿದ್ಧತೆ. ಓರೆ ಕತ್ತರಿಸಿದ ಹೊರಬಟ್ಟೆ ಇದೆ, ಓರೆ ಕತ್ತರಿಸಿದ ಉಣ್ಣೆಯ ಒಳಪಟ್ಟಿ ಇದೆ. ಇನ್ನು ಮೊದಲಲ್ಲೇ ಹೇಳಿದ ಸೂಜಿ ಮತ್ತು ದಾರ.

ಹೊರಬಟ್ಟೆಯನ್ನು ಮಗುಚಿ ಮೇಜಿನ ಮೇಲೆ ಹಾಸಿ. ಒಳಪಟ್ಟಿಯನ್ನು ನಟ್ಟನಡುವೆ ಇಡಿ. ಅದರ ಚೂಪು ತುದಿ ಹೊರಬಟ್ಟೆಯ ಮೂಲೆಯೊಳಗೆ ತೂರಿ ಕೂರಬೇಕು. ಈಗ ಹೋಟೆಲಿನವರು ಮಸಾಲೆ ದೋಸೆ ಮಡಿಸುವಂತೆ ಎರಡೂ ಬದಿಯನ್ನು ನಡುವಿಗೆ ತನ್ನಿ. ಒಂದು ಬದಿ ಕೆಳಗೆ, ಇನ್ನೊಂದು ಅದರ ಮೇಲೆ. ಮೇಲಿನ ಬದಿಯ ಅಂಚನ್ನು ಕಾಲಿಂಚು ಒಳಕ್ಕೆ ಮಡಿಸಿ. ಗುಂಡುಸೂಜಿ ಚುಚ್ಚಿ ನಿಲ್ಲಿಸಿ, ಇಲ್ಲವೇ ಕಚ್ಚಾ ಹೊಲಿಗೆ ಹಾಕಿ.

ಉದ್ದನೆಯ ಸೂಜಿಗೆ ಎರಡು ಮೀಟರ್ ದಾರ ಪೋಣಿಸಿ. ಒಂದೇ ಎಳೆ. ನಡುವೆ ಗಂಟು ಹಾಕಿ ಮುಂದುವರಿಸುವ ಹಾಗಿಲ್ಲ. ಇಡೀ ಟೈಗೆ ಒಂದೇ ದಾರ. ಅಗಲ ತುದಿಯಿಂದ ನಾಲ್ಕೈದು ಇಂಚು ಮೇಲೆ ಅಡ್ಡ ಹೊಲಿಗೆ ಹಾಕಿ ಶುರು ಮಾಡಿ. ಸೂಜಿ ಮೇಲಿನ ಮಡಿಕೆಯ ಒಳಗೆ ಅರ್ಧ ಇಂಚು ಓಡಲಿ. ಹೊರಬಂದು ಒಳಪಟ್ಟಿಯ ಒಂದೆರಡು ಎಳೆಯನ್ನೂ ಕೆಳಗಿನ ಮಡಿಕೆಯನ್ನೂ ಕಚ್ಚಲಿ. ಮತ್ತೆ ಮೇಲಿನ ಮಡಿಕೆಗೆ ಹೋಗಲಿ. ಟೈಯ ಮುಂಬದಿಯನ್ನು ಸೂಜಿ ಮುಟ್ಟಲೇಬಾರದು. ಎಡಗೈ ಬೆರಳನ್ನು ಮುಂಬದಿಯ ಅಡಿಯಲ್ಲಿ ಇಟ್ಟುಕೊಳ್ಳಿ. ಸೂಜಿಯ ಮೊನೆ ಬೆರಳಿಗೆ ತಗುಲಿದರೆ ಆಳವಾಯಿತು ಎಂದು ಅರ್ಥ. ಸೀರೆಗೆ ಫಾಲ್ ಹಚ್ಚುವವರಿಗೆ ಈ ಕೈಚಳಕ ಬಂದೇ ಇರುತ್ತದೆ.

ಆದರೆ ಫಾಲ್ ಹಚ್ಚುವವರು ಪ್ರತಿ ಹೊಲಿಗೆಗೂ ದಾರವನ್ನು ಒಮ್ಮೆ ಜಗ್ಗಿ ಕೂರಿಸುತ್ತಾರೆ. ಇಲ್ಲಿ ಜಗ್ಗಬಾರದು. ದಾರ ಬಟ್ಟೆಯೊಳಗೆ ಸುಮ್ಮನೆ ಮಲಗಿರಬೇಕು. ಒಂದು ಗೇಣು ಹೊಲಿದ ಮೇಲೆ ನಿಲ್ಲಿ. ಹೊಲಿದ ಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಉದ್ದಕ್ಕೆ ಎಳೆಯಿರಿ. ಬಟ್ಟೆ ಜಗ್ಗುತ್ತದೆ, ತನಗೆ ಬೇಕಾದಷ್ಟು ದಾರವನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಗೇಣಿಗೆ ಹೋಗಿ. ಹೀಗೇ ಕೊನೆಯವರೆಗೆ. ಸಣ್ಣ ತುದಿ ಎರಡು ಮೂರು ಇಂಚು ಇದೆ ಎನ್ನುವಾಗ ಅಡ್ಡ ಹೊಲಿಗೆ ಹಾಕಿ ಮುಗಿಸಿ. ಮುಗಿಸುವ ಮುಂಚೆ ಒಂದಿಂಚು ದಾರವನ್ನು ಕುಣಿಕೆಯಾಗಿ ಒಳಗೆ ಸಡಿಲ ಬಿಡಿ. ಕಟ್ಟುವವರು ಟೈಯನ್ನು ಎಳೆದಾಗ ಈ ಕುಣಿಕೆ ಒಳಕ್ಕೆ ಸರಿಯುತ್ತದೆ, ಬಿಟ್ಟಾಗ ಮತ್ತೆ ಹೊರಕ್ಕೆ. ದಾರ ಬಿಗಿಯಾಗಿದ್ದರೆ ಒಂದೋ ಅದು ತುಂಡಾಗುತ್ತದೆ, ಇಲ್ಲವೇ ಟೈ ನೆರಿಗೆ ಬಿದ್ದ ಲಂಗದ ಹಾಗೆ ಮುದುಡುತ್ತದೆ.

ಯಂತ್ರದಲ್ಲಿ ಈ ಹೊಲಿಗೆ ಹಾಕಲಾಗದೇ? ಕಾರ್ಖಾನೆಗಳಲ್ಲಿ ಅದಕ್ಕೆಂದೇ ಯಂತ್ರಗಳಿವೆ. ಮನೆಯ ಯಂತ್ರದ ಹೊಲಿಗೆ ಮಾತ್ರ ಬಿಗಿ, ಅದು ಹೊಂದುವುದಿಲ್ಲ. ಇಟಲಿಯ ನೇಪಲ್ಸ್ ನಗರದಲ್ಲಿ ಮಾರಿನೆಲ್ಲಾ ಎಂಬ ಅಂಗಡಿ ಇದೆ. 1914ರಲ್ಲಿ ಶುರುವಾದದ್ದು. ನಮ್ಮ ಊರಿನ ಬಳೆ ಅಂಗಡಿಯಷ್ಟೇ ಜಾಗ. ಕೈಹೊಲಿಗೆಯ ಟೈಗೆ ಜಗತ್ತಿನಲ್ಲೆಲ್ಲ ಹೆಸರು. ಅಲ್ಲಿನವರು ಒಳಪಟ್ಟಿಯ ಹಂಗು ಕಡಿಮೆ ಮಾಡಿ, ರೇಷ್ಮೆಯನ್ನೇ ಏಳು ಮಡಿಕೆ ಮಡಿಸುವ ಟೈಯನ್ನೂ ಮಾಡುತ್ತಾರೆ. ಅದಕ್ಕೆ ಹೆಚ್ಚುಕಡಿಮೆ ಎರಡರಷ್ಟು ರೇಷ್ಮೆ ಬೇಕು. ನಮಗೆ ಸದ್ಯಕ್ಕೆ ಬೇಡ.

ಹೊಲಿಗೆ ಮುಗಿಯಿತು. ದಾರ ಒಂದೇ, ಅದೂ ಸಡಿಲ. ಉಳಿದಿರುವುದು ಇಸ್ತ್ರಿ ಮತ್ತು ಪರೀಕ್ಷೆ.

ಇಸ್ತ್ರಿಪೆಟ್ಟಿಗೆಯನ್ನು ಅಂಗಿಗೆ ಒತ್ತಿದಂತೆ ಒತ್ತಬೇಡಿ. ಟೈಯ ಅಂಚು ಚಾಕುವಿನಂತೆ ಚೂಪಾಗಿರಬಾರದು, ದುಂಡಗೆ ಇರಬೇಕು. ಒದ್ದೆ ಬಟ್ಟೆ ಮೇಲೆ ಹಾಕಿ, ಪೆಟ್ಟಿಗೆಯನ್ನು ತಾಗಿಯೂ ತಾಗದಂತೆ ಆಡಿಸಿ. ಹಬೆ ಸಾಕು. ಆಮೇಲೆ ಸಣ್ಣ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಟೈಯನ್ನು ಇಳಿಬಿಡಿ. ಗಿರಗಿರನೆ ತಿರುಗದೆ ನೆಟ್ಟಗೆ ನಿಂತರೆ ನಿಮ್ಮ ಓರೆ ಸರಿ, ನಿಮ್ಮ ದಾರ ಸರಿ. ತಿರುಗಿದರೆ ದಾರ ಬಿಚ್ಚಿ ಮತ್ತೆ ಹೊಲಿಯಿರಿ. ಆಗಲೂ ತಿರುಗಿದರೆ ದೋಷ ಕತ್ತರಿಯಲ್ಲಿದೆ. ಅದನ್ನು ಸೂಜಿ ಸರಿಮಾಡಲಾರದು.

ಕೊನೆಗೆ ನಿಮ್ಮಲ್ಲಿ ಎರಡು ಕೋರಿಕೆ. ಮೊದಲ ಟೈಗೆ ರೇಷ್ಮೆ ಕೊಳ್ಳಬೇಡಿ. ಮನೆಯಲ್ಲಿ ಬಿದ್ದಿರುವ ಹತ್ತಿ ಬಟ್ಟೆಯಲ್ಲೇ ಹೊಲಿದು ಕೈ ಹದ ಮಾಡಿಕೊಳ್ಳಿ. ಎರಡನೆಯದು ಟೈ ಕಟ್ಟುವವರಿಗೆ. ನಿಮ್ಮ ಟೈಯ ಸಣ್ಣ ತುದಿಯ ಒಳಗೆ ಒಂದು ಸಡಿಲ ಕುಣಿಕೆ ಜೋತಾಡುತ್ತಿದ್ದರೆ, ಹೊಲಿಗೆ ಬಿಟ್ಟಿದೆ ಎಂದುಕೊಂಡು ಕತ್ತರಿ ಹಾಕಬೇಡಿ. ಹೊಲಿದವರು ಅದನ್ನು ಬೇಕೆಂದೇ ಬಿಟ್ಟಿದ್ದಾರೆ.